ಲೈನಕ್ಸ್ ಗಂಗಣ್ಣನ ಅರ್ಧ ಮೀಸೆ

ಶಿರಾದ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗಂಗಹನುಮಯ್ಯನ ಅಂಗಡಿ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಮೀಸೆ ಗಂಗಣ್ಣನ ಅಂಗಡಿ ಎಂದರೆ ಮಾತ್ರ ತೊದಲು ನುಡಿಯುವ ಕೂಸೂ ಬೊಟ್ಟು ಮಾಡಿ ತೋರಿಸುತ್ತಿತ್ತು. ಮೀಸೆಯೂ ಹಾಗೇ ಇತ್ತು ಬಿಡಿ. ಎರಡು ತುದಿಯೂ ಕುಡುಗೋಲಿನ ಹಾಗೆ ಮೇಲಕ್ಕೆ ಬಾಗಿ, ಮುಖಕ್ಕಿಂತ ಮೊದಲು ಅದೇ ಅಂಗಡಿಯಿಂದ ಹೊರಗೆ ಬರುತ್ತಿತ್ತು. ದಿನ ಬೆಳಗಾದರೆ ಹರಳೆಣ್ಣೆಯ ಸೇವೆ. ಹೆಂಡತಿ ಮಹಾಲಕ್ಷ್ಮಮ್ಮ ಅದನ್ನು ನೋಡಿ, "ಮಳೆ ಬರ್ಲಿ ಬುಡ್ಲಿ, ಈ ಬೆಳೆಗೆ ಮಾತ್ರ ಯಾವ ವರ್ಸಾನೂ ಮೋಸ ಇಲ್ಲ" ಎನ್ನುತ್ತಿದ್ದಳು.

ಗಂಗಣ್ಣ ಹತ್ತನೇ ಕ್ಲಾಸಿನ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದವನು. ಆಮೇಲೆ ಯಾರ ಹತ್ತಿರವೂ ಏನನ್ನೂ ಕಲಿಯುವುದಿಲ್ಲ ಎಂದು ಆಣೆ ಇಟ್ಟು, ಎಲ್ಲವನ್ನೂ ತಾನೇ ಕಲಿತ. ರೇಡಿಯೋ ಬಿಚ್ಚಿ ಕಲಿತ, ಟಿವಿ ಸುಟ್ಟು ಕಲಿತ. ಕಂಪ್ಯೂಟರ್ ಬಂದ ಕಾಲಕ್ಕೆ ರದ್ದಿ ಅಂಗಡಿಯಿಂದ ತೂಕಕ್ಕೆ ತಂದ ಒಂದು ಇಂಗ್ಲಿಷ್ ಪತ್ರಿಕೆಯ ಒಳಗೆ ಅಂಟಿಕೊಂಡಿದ್ದ ಸೀಡಿಯೊಂದು ಅವನ ಕೈಗೆ ಸಿಕ್ಕಿತು. ಅದರಲ್ಲಿ ಲೈನಕ್ಸ್ ಇತ್ತು. ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಯಾರೋ ಊರುಕೇರಿ ಗೊತ್ತಿಲ್ಲದವರು ಸೇರಿ ಮಾಡಿದ್ದು, ಪುಕ್ಕಟೆ ಸಿಗುವುದು, ಒಳಗೆ ಏನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು. ಬಿಚ್ಚುವುದೆಂದರೆ ಗಂಗಣ್ಣನಿಗೆ ಹೋಳಿಗೆ ಊಟ. ಅವತ್ತು ಹಿಡಿದ ಗೀಳು ಅರವತ್ತು ದಾಟಿದರೂ ಬಿಡಲಿಲ್ಲ.

ಬಿಡದಿದ್ದರೆ ಅವನ ಪಾಡಿಗೆ ಅವನು ಇರಬಹುದಿತ್ತು. ಆದರೆ ಊರಿಗೆಲ್ಲ ಅದನ್ನೇ ಹಂಚಬೇಕು ಎನ್ನುವುದು ಅವನ ಹಟ. ಕಂಪ್ಯೂಟರ್ ರಿಪೇರಿಗೆ ತಂದವರೆಲ್ಲರ ಪೆಟ್ಟಿಗೆಗೆ ಲೈನಕ್ಸ್ ತುಂಬಿ ಕಳಿಸುತ್ತಿದ್ದ. ಅವರು ವಾರದೊಳಗೆ ಅದನ್ನು ಎತ್ತಿಕೊಂಡು ಎದುರುಗಡೆ ಇದ್ದ ನವೀನ್‌ಕುಮಾರನ ಅಂಗಡಿಗೆ ಹೋಗಿ, "ಹಳೇದೇ ಹಾಕ್ಕೊಡಪ್ಪ" ಎನ್ನುತ್ತಿದ್ದರು. ಹಳೇದೆಂದರೆ ವಿಂಡೋಸ್. ಮದಲೂರಿನ ಹಿಟ್ಟಿನ ಗಿರಣಿಯ ಚನ್ನಮಲ್ಲಯ್ಯ ಹಾಗೆ ಮಾಡಿದ. ಪಾವಗಡದ ಕಡೆಯವನೊಬ್ಬ, "ಇದಿ ಮನಕೊದ್ದು ಸಾಮಿ" ಎಂದು ತೆಲುಗಿನಲ್ಲೇ ಬೇಡವೆಂದು ಕೈಮುಗಿದು ಹೋದ. ರಿಟೈರ್ಡ್ ಮೇಷ್ಟ್ರು ರೇಣುಕಯ್ಯ ಚದುರಂಗ ಆಡಲಿಕ್ಕೆಂದು ತಮ್ಮ ಹಳೆಯ ಕಂಪ್ಯೂಟರನ್ನು ರಿಪೇರಿಗೆ ತಂದವರು. ಗಂಗಣ್ಣ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಚದುರಂಗಕ್ಕೆ ಮೊದಲು ಕರಿ ಸ್ಕ್ರೀನು ಕಲಿಯಬೇಕೆಂದು ಶುರುಮಾಡಿದ. ಕರಿ ಸ್ಕ್ರೀನೆಂದರೆ ಚಿತ್ರ ಗಿತ್ರ ಏನೂ ಇಲ್ಲದೆ, ಕಪ್ಪು ಹಲಗೆಯ ಮೇಲೆ ಅಪ್ಪಣೆಗಳನ್ನು ಟೈಪ್ ಮಾಡುವ ಜಾಗ. ಅದೇ ಅವನಿಗೆ ಗರ್ಭಗುಡಿ. ಊಟದ ಹೊತ್ತಾದರೂ ಕುದುರೆ ಒಂಟೆ ಕಣ್ಣಿಗೆ ಬೀಳಲಿಲ್ಲ. ನಲವತ್ತು ವರ್ಷ ಪಾಠ ಮಾಡಿದ್ದ ಮೇಷ್ಟ್ರು, ನೀರು ಕುಡಿದು ಬರುತ್ತೇನೆಂದು ಎದ್ದವರು ಪೆಟ್ಟಿಗೆಯನ್ನೂ ಬಿಟ್ಟು ಹೋದರು.

ಪಂದ್ಯ ಕಟ್ಟಿದ್ದು ರಹೀಮನ ಟೀ ಅಂಗಡಿಯಲ್ಲಿ. ಆ ವರ್ಷ ಶಿವರಾತ್ರಿ ಮುಗಿದು ರಂಜಾನ್ ಉಪವಾಸ ಇನ್ನೇನು ಹಿಡಿಯಬೇಕು ಎನ್ನುವ ದಿನ. ಹೊಲಿಗೆ ಖಾಜಾಬಿ ತನ್ನ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಸಿ ಕಳಿಸಿದ್ದಳು. ಓಣಿಯ ತುದಿಯಲ್ಲಿ ಅವಳದು ಲೇಡೀಸ್ ಟೈಲರ್ ಅಂಗಡಿ. ಬರುವ ಹೆಂಗಸರಿಗೆ ಬ್ಲೌಸಿನ ಬೆನ್ನಿನ ಡಿಸೈನುಗಳನ್ನು ಫೋನಿನ ಅಂಗೈಯಗಲದಲ್ಲಿ ತೋರಿಸುವ ಬದಲು ದೊಡ್ಡ ಸ್ಕ್ರೀನಿನಲ್ಲಿ ತೋರಿಸಬೇಕು ಎನ್ನುವುದು ಅವಳ ಆಸೆ. ಪೆಟ್ಟಿಗೆಗೆ ವಯಸ್ಸಾಗಿತ್ತು. ಈಗಿನ ಹೊಸ ವಿಂಡೋಸ್ ಅದಕ್ಕೆ ಹತ್ತುವುದಿಲ್ಲ, ಹೊಸದು ತಗೊಳ್ಳಿ ಎಂದಿದ್ದ ನವೀನ್‌ಕುಮಾರ. ಅದಕ್ಕೇ ಗಂಗಣ್ಣನ ಹತ್ತಿರ ಬಂದಿತ್ತು.

"ಪಾಪ, ಆಯಮ್ಮಂಗೂ ಅದನ್ನೇ ತುಂಬ್ತೀಯಾ ಗಂಗಣ್ಣ?" ಎಂದ ನವೀನ್‌ಕುಮಾರ, ಟೀ ಲೋಟ ತಿರುಗಿಸುತ್ತ. ಮೂವತ್ತರ ಆಸುಪಾಸಿನ ಹುಡುಗ. ಗಡ್ಡವನ್ನು ತೋಟದ ಬದು ಕತ್ತರಿಸಿದ ಹಾಗೆ ಒಪ್ಪ ಮಾಡಿಸಿಕೊಂಡು ತಿರುಗುವವನು.

"ತುಂಬ್ದೆ ಇನ್ನೇನ್ಲಾ. ಜನಕ್ಕೆ ಅಂತ್ಲೇ ಮಾಡಿರೋದು."

"ಜನಕ್ಕಲ್ಲ ಬುಡು. ದೊಡ್ಡ ದೊಡ್ಡ ಕಂಪನಿಯೋರ್ಗೆ, ಒಸಿ ತಲೆ ಕೆಟ್ಟೋರ್ಗೆ. ಬ್ಲೌಸ್ ಹೊಲಿಯೋರ್ಗಲ್ಲ."

"ನಿನ್ನ ಜೇಬಲ್ಲಿರೋ ಫೋನಿನ ಒಳ್ಗೂ ಅದೇ ಐತೆ ಕಣ್ಲಾ. ಗೊತ್ತಾ?"

"ಗೊತ್ತಿಲ್ಲ. ಅದಕ್ಕೇ ಚೆನ್ನಾಗ್ ನಡೀತೈತೆ."

ಟೀ ಅಂಗಡಿಯೆಲ್ಲ ನಕ್ಕಿತು. ಗಂಗಣ್ಣನ ಮೀಸೆ ಅದುರಿತು. ಲೈನಕ್ಸೆಂದರೆ ಮುಚ್ಚಳವಿಲ್ಲದ ಹಂಡೆ ಇದ್ದಂತೆ, ಯಾರು ಬೇಕಾದರೂ ಬಗ್ಗಿ ನೋಡಬಹುದು, ಉಪ್ಪು ಕಡಿಮೆಯಾಗಿದ್ದರೆ ಹಾಕಬಹುದು ಎಂದು ಎಂದಿನ ಹರಿಕಥೆಗೆ ಪೀಠಿಕೆ ಹಾಕಿದ. ಸೌಟು ಹಿಡಿದಿದ್ದ ರಹೀಮ್ ತಡೆದ.

"ಗಂಗಣ್ಣ, ಇಪ್ಪತ್ತು ವರ್ಸದಿಂದ ನನ್ ಟೀ ಕುಡಿತೀಯ. ಒಂದಿನ ಆದ್ರೂ ಹಂಡೆಗೆ ಬಗ್ಗಿ ನೋಡಿದೀಯಾ? ಉಣ್ಣೋಕೆ ಬಂದೋರ್ಗೆ ಒಲೆ ಯಾಕೆ ತೋರಿಸ್ತೀಯ?"

ಮಾತಿಗೆ ಮಾತು ಬೆಳೆಯಿತು. ಖಾಜಾಬಿ ಒಂದು ತಿಂಗಳೂ ಅದನ್ನು ಇಟ್ಟುಕೊಳ್ಳುವುದಿಲ್ಲ ಎಂದು ನವೀನ್‌ಕುಮಾರ ಅಂದ. ಇಟ್ಟುಕೊಳ್ಳುತ್ತಾಳೆ ಎಂದು ಗಂಗಣ್ಣ ಅಂದ. ಆ ವರ್ಷ ಯುಗಾದಿಯೂ ರಂಜಾನೂ ಜೋಡೆತ್ತಿನ ಹಾಗೆ ಒಟ್ಟಿಗೆ ಬರುತ್ತಿದ್ದವು. ಎರಡು ಹಬ್ಬದವರೂ ಕತ್ತೆತ್ತಿ ಹುಡುಕಬೇಕಾದ ಚಂದ್ರ ಒಬ್ಬನೇ. ಆ ಚಂದ್ರ ಕಾಣುವವರೆಗೆ ಖಾಜಾಬಿ ಬಾಯಲ್ಲಿ "ಹಳೇದು ಹಾಕ್ಕೊಡಿ" ಎನ್ನುವ ಮಾತು ಬರಬಾರದು. ಬಂದರೆ ಗಂಗಣ್ಣ ಅರ್ಧ ಮೀಸೆ ತೆಗೆಸಬೇಕು. ಬರದಿದ್ದರೆ ನವೀನ್‌ಕುಮಾರ ಅರ್ಧ ಗಡ್ಡ. ತೀರ್ಪು ರಹೀಮನದು.

ರಾತ್ರಿ ವಿಷಯ ತಿಳಿದ ಮಹಾಲಕ್ಷ್ಮಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನ ಮುಖವನ್ನು ನೋಡಿದಳು. "ಅರ್ಧ ಯಾಕೆ? ಪೂರ್ತಿ ಅಂತ ಕಟ್ಬಾರ್ದಾಗಿತ್ತಾ" ಎಂದಳು.

ಗಂಗಣ್ಣನಿಗೆ ಮೀಸೆಯ ಭಯ ಒಂದು ಕಡೆ. ಇಷ್ಟು ವರ್ಷದಲ್ಲಿ ತಾನು ಕೊಟ್ಟದ್ದನ್ನು ಒಬ್ಬರೂ ಉಳಿಸಿಕೊಳ್ಳಲಿಲ್ಲವಲ್ಲ ಎನ್ನುವ ಮುಳ್ಳು ಇನ್ನೊಂದು ಕಡೆ. ಈ ಸಲ ಖಾಜಾಬಿಯನ್ನು ಕೈ ಹಿಡಿದು ನಡೆಸಬೇಕು, ದಿನ ಸಂಜೆ ಹೋಗಿ ಕರಿ ಸ್ಕ್ರೀನನ್ನು ಅರೆದು ಕುಡಿಸಬೇಕು ಎಂದು ನಿಶ್ಚಯ ಮಾಡಿದ. ಅವಳಿಗೆ ಸುಲಭವಾಗಲೆಂದು, ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಅದು ಇಡೀ ಸ್ಕ್ರೀನನ್ನು ತುಂಬಿಕೊಂಡು ಬರುವ ಹಾಗೆ ಮಾಡಿಟ್ಟ. ಮುಂಭಾಗಕ್ಕೆ ಲೈನಕ್ಸಿನ ಗುರುತಿನ ಹಕ್ಕಿ ಪೆಂಗ್ವಿನ್ನಿನ ಚಿತ್ರ ಹಾಕಿದ. ಪೆಟ್ಟಿಗೆಯನ್ನು ತಾನೇ ಹೆಗಲ ಮೇಲೆ ಹೊತ್ತುಕೊಂಡು ಖಾಜಾಬಿಯ ಅಂಗಡಿಗೆ ಹೋದ.

ಹೋದವನು ಪರದೆಯ ಹತ್ತಿರ ನಿಲ್ಲಬೇಕಾಯಿತು.

ಲೇಡೀಸ್ ಟೈಲರ್ ಅಂಗಡಿಗೆ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ಮೇಲೆ ಹಸಿರು ಪರದೆ. ಪರದೆಯ ಮೇಲೆ "ಗಂಡಸರು ಇಲ್ಲೇ ನಿಲ್ಲಬೇಕು" ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ದಾರದಲ್ಲೇ ಹೊಲಿದಿತ್ತು. ಒಳಗೆ ಅಳತೆ ತೆಗೆಯುವ ಜಾಗ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮಗಳ ಮದುವೆ ಬಟ್ಟೆ ಅಲ್ಲೇ ಹೊಲಿಸಿದ್ದ, ಪರದೆಯ ಹೊರಗೆ ನಿಂತೇ. ಆದರೆ ಪಂದ್ಯ ಕಟ್ಟುವ ಭರದಲ್ಲಿ ಈ ಪರದೆ ಅವನ ತಲೆಗೇ ಬಂದಿರಲಿಲ್ಲ.

"ಖಾಜಾಬಮ್ಮ, ಒಳ್ಗೆ ಬಂದು ಜೋಡಿಸ್ಕೊಡ್ಬೇಕಲ್ಲ" ಎಂದ.

"ಒಳ್ಗೆ ಹೆಂಗಸ್ರವ್ರೆ ಗಂಗಣ್ಣ. ಅಲ್ಲಿಂದ್ಲೇ ಹೇಳು, ನಾವು ಜೋಡಿಸ್ಕೊಂತೀವಿ" ಎಂದಿತು ಪರದೆ.

ಪರದೆಯ ಅಡಿಯಿಂದ ಬಳೆ ತೊಟ್ಟ ನಾಲ್ಕಾರು ಕೈ ಬಂದು ಪೆಟ್ಟಿಗೆಯನ್ನು ಎಳೆದುಕೊಂಡವು. ಗಂಗಣ್ಣ ಹೊರಗೆ ಗೋಡೆಗೆ ಬಾಯಿಟ್ಟು, ನೀಲಿ ಮೂತಿಯದು ನೀಲಿ ತೂತಿಗೆ, ಚಪ್ಪಟೆಯದು ಚಪ್ಪಟೆ ತೂತಿಗೆ ಎಂದು ಕೂಗಿದ. ಒಳಗೆ ಗುಸುಗುಸು, ನಗು. ಆಮೇಲೆ, "ಬಂತು ಬಂತು. ಇದ್ಯಾವ್ದು ಗಂಗಣ್ಣ, ಬಾತುಕೋಳಿ?" ಎಂದು ಖಾಜಾಬಿ ಕೇಳಿದಳು. ಅದು ಬಾತುಕೋಳಿಯಲ್ಲವೆಂದು ವಿವರಿಸಲು ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೊಲಿಗೆ ಮೆಷಿನ್ನುಗಳು ಗರಗರ ಶುರುವಾದವು. ಪಾಠ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಮತ್ತೆ ಹೋದ. "ಅಪ್‌ಡೇಟ್ ಕೇಳ್ತಾ ಐತಾ ಖಾಜಾಬಮ್ಮ?" "ಏನೂ ಕೇಳ್ತಿಲ್ಲ, ಹೋಗು." ಅದರ ಮಾರನೆಯ ದಿನವೂ ಹೋದ. "ಕರಿ ಸ್ಕ್ರೀನ್ ನೋಡಿದ್ರಾ?" "ನಮ್ಗ್ಯಾಕಪ್ಪ ಕರೀದು, ಹಬ್ಬದ ಕಾಲ್ದಲ್ಲಿ." ಸಂಜೆಯಾದರೆ ಗಂಗಣ್ಣ ಪರದೆಯ ಹೊರಗೆ ಹಾಜರು. ಒಳಗೆ ಏನು ನಡೆಯುತ್ತಿದೆಯೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಅತ್ತಿಂದಿತ್ತ ಓಡಾಡುವುದು. ಅಷ್ಟು ದೊಡ್ಡ ಮೀಸೆ ಹೊತ್ತು ಲೇಡೀಸ್ ಟೈಲರ್ ಅಂಗಡಿ ಮುಂದೆ ಓಡಾಡಿದರೆ ಊರು ಸುಮ್ಮನಿರುತ್ತದೆಯೇ? ಸುದ್ದಿ ನಲ್ಲಿ ಹತ್ತಿರ ಹೋಯಿತು, ಅಲ್ಲಿಂದ ಕೊಡದ ಜೊತೆ ಮನೆಗೆ ಬಂತು.

"ಕೆರೆ ತುಂಬೋ ಕಾಲ್ದಲ್ಲಿ ನೀರಿಗಿಳೀಲಿಲ್ಲ, ಈಗ ಬತ್ತೋ ಕಾಲಕ್ಕೆ ಈಜ್ ಕಲಿತಾವ್ರೆ ನಮ್ಮನೆಯೋರು" ಎಂದಳು ಮಹಾಲಕ್ಷ್ಮಮ್ಮ, ಯಾರಿಗೂ ಅಲ್ಲವೆಂಬಂತೆ, ಮುದ್ದೆ ಕೋಲು ತಿರುಗಿಸುತ್ತ.

"ಕಂಪ್ಯೂಟರ್ ನೋಡೋಕೆ ಕಣೇ."

"ಎಲ್ರೂ ಅದನ್ನೇ ಅಂದ್ರು. ಕಂಪ್ಯೂಟರ್ ನೋಡೋಕಂತೆ ಅಂತ."

ಅಲ್ಲಿಂದಾಚೆಗೆ ಗಂಗಣ್ಣ ಓಣಿಯ ತುದಿಗೆ ಹೋಗುವುದನ್ನೇ ಬಿಟ್ಟ. ಅಂಗಡಿಯಲ್ಲಿ ಕೂತು ನವೀನ್‌ಕುಮಾರನ ಬಾಗಿಲಿಗೆ ಖಾಜಾಬಿಯ ಪೆಟ್ಟಿಗೆ ಬಂತೇ ಎಂದು ಕಾಯತೊಡಗಿದ. ಆಟೋ ಸದ್ದಾದರೆ ಕೈ ಮೀಸೆಯ ಮೇಲೆ ಹೋಗುತ್ತಿತ್ತು. ಪೆಟ್ಟಿಗೆ ಬರಲಿಲ್ಲ. ನವೀನ್‌ಕುಮಾರನೂ ಅಷ್ಟೇ ಕಾದ, ಅವನ ಕೈ ಗಡ್ಡದ ಮೇಲೆ.

ಯುಗಾದಿಯ ದಿನ ಸಂಜೆ, ಒಬ್ಬಟ್ಟಿನ ತೇಗು ಇನ್ನೂ ಗಂಟಲಲ್ಲಿರುವಾಗಲೇ ಇಬ್ಬರೂ ರಹೀಮನ ಅಂಗಡಿಗೆ ಬಂದರು. ಕೊನೆಯ ರೋಜಾ ಉಪವಾಸ ಮುಗಿಸುವ ಹೊತ್ತು. ರಹೀಮ್ ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದ. ಖಾಜಾಬಿ ಗುಟ್ಟಾಗಿ ಬೇರೆ ಯಾರ ಕೈಲೋ ಹಳೆಯದನ್ನೇ ಹಾಕಿಸಿಕೊಂಡಿರಬೇಕು, ಇಲ್ಲದಿದ್ದರೆ ಇಷ್ಟು ದಿನ ಸದ್ದಿಲ್ಲದೆ ಇರುವುದು ಸಾಧ್ಯವೇ ಇಲ್ಲ ಎನ್ನುವುದು ನವೀನ್‌ಕುಮಾರನ ವಾದ. ಒಳಗೆ ಹೋಗಿ ನೋಡಬೇಕು. ಹೋಗುವವರು ಯಾರು? ಹೆಂಗಸೇ ಆಗಬೇಕು.

"ಮಹಾಲಕ್ಷ್ಮಮ್ಮೋರೇ ಹೋಗ್ಲಿ" ಎಂದ ನವೀನ್‌ಕುಮಾರ.

"ಅವ್ರು ಗಂಗಣ್ಣನ ಮನೆಯೋರಲ್ಲವಾ?" ಎಂದ ರಹೀಮ್.

"ಅವ್ರು ಗಂಗಣ್ಣನ ಪರ ಒಂದು ಮಾತಾಡಿದ್ದನ್ನ ಸಿರಾದಾಗೆ ಯಾರಾದ್ರೂ ಕೇಳಿದ್ರೆ ಹೇಳಿ."

ಯಾರೂ ಕೇಳಿರಲಿಲ್ಲ. ಸ್ಕ್ರೀನಿನ ಮೇಲೆ ಹಕ್ಕಿ ಇದೆಯೋ ಇಲ್ಲವೋ ನೋಡಿಕೊಂಡು ಬಾ ಎಂದು ಗಂಗಣ್ಣ ಹೆಂಡತಿಯನ್ನು ಮನೆಯಿಂದ ಕರೆಸಿ ಕಳಿಸಿದ. ಅವಳು ಹೇಗೂ ಹೋಗುತ್ತೇನಲ್ಲ ಎಂದು ಒಂದು ಬ್ಲೌಸ್ ಪೀಸು ಹಿಡಿದುಕೊಂಡು ಪರದೆಯೊಳಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಹೊರಗೆ ಗಂಡಸರು ಬೆಂಚಿನ ಮೇಲೆ ಕೂತು ಎದ್ದು ಕೂತರು. ಕಡೆಗೆ ಬಂದಳು, ಮುಖ ಅರಳಿತ್ತು.

"ಹಕ್ಕಿ ಐತಾ?" ಗಂಗಣ್ಣ ಕೇಳಿದ.

"ಐತೆ. ಎಂಥಾ ಚೆಂದದ ನವಿಲು ಅಂತೀರಾ. ಬೆನ್ನಿನ ತುಂಬಾ ಗರಿ ಬಿಚ್ಚೈತೆ. ಅದನ್ನೇ ಹೊಲೀಲಿ ಅಂತ ಕೊಟ್ಟು ಬಂದೆ."

"ನವಿಲಲ್ಲ ಕಣೇ. ಕಪ್ಪು ಬಿಳಿ ಹಕ್ಕಿ."

"ಅದೊಂದಿತ್ತಂತೆ. ಮೊದಲ್ನೇ ದಿನಾನೇ ತೆಗೆದಾಕುದ್ಳಂತೆ."

ನವೀನ್‌ಕುಮಾರ ಬೆಂಚಿನಿಂದ ಎದ್ದೇಬಿಟ್ಟ. "ಹಕ್ಕಿ ಇಲ್ಲ ಅಂದ್ಮೇಲೆ ಲೈನಕ್ಸೂ ಇಲ್ಲ. ನಡಿ ಗಂಗಣ್ಣ, ಕಟಿಂಗ್ ಶಾಪ್ ಇನ್ನೂ ತೆಗೆದೈತೆ." ಹಕ್ಕಿ ಹೋದರೆ ಲೈನಕ್ಸ್ ಹೋಗುವುದಿಲ್ಲ, ಚಿತ್ರ ಯಾರು ಬೇಕಾದರೂ ಬದಲಾಯಿಸಬಹುದು, ನನಗೆ ಒಂದೇ ಒಂದು ಪರೀಕ್ಷೆಗೆ ಅವಕಾಶ ಕೊಡಿ ಎಂದು ಗಂಗಣ್ಣ ರಹೀಮನ ಕೈ ಹಿಡಿದುಕೊಂಡ. ಎಲ್ಲರೂ ಓಣಿಯ ತುದಿಗೆ ನಡೆದರು.

ಖಾಜಾಬಿಯ ಅಂಗಡಿ ಆ ಹೊತ್ತಿಗೆ ಸಂತೆಯಾಗಿತ್ತು. ಒಳಗೂ ಕಟ್ಟೆಯ ಮೇಲೂ ಹೆಂಗಸರು. ನಾಳೆ ಉಡಬೇಕಾದದ್ದಕ್ಕೆ ಇನ್ನೂ ಗುಂಡಿ ಇಲ್ಲ, ತೋಳಿಲ್ಲ, ಲೇಸಿಲ್ಲ. ರಹೀಮ್ ಪರದೆಗೆ ಮುಖ ಮಾಡಿ, ಅಕ್ಕನನ್ನು ಕರೆಯುವ ಹಾಗೆ, "ಆಪಾ, ಒಂದ್ ನಿಮಿಷ. ನಿಮ್ ಕಂಪ್ಯೂಟರಲ್ಲಿ ಇರೋದು ಲೈನಕ್ಸಾ, ಹಳೇದಾ?" ಎಂದ.

"ಲೈನಕ್ಸ್ ಅಂದ್ರೆ ಯಾವ್ದದು?"

ಗಂಗಣ್ಣ ಹಣೆ ಚಚ್ಚಿಕೊಂಡ. ನವೀನ್‌ಕುಮಾರ ಬಾಯಿಗೆ ಕರವಸ್ತ್ರ ಇಟ್ಟುಕೊಂಡ.

"ನಂಗೆ ಗೊತ್ತಿಲ್ಲಪ್ಪ. ಒತ್ತಿದ್ರೆ ಹತ್ಕೊಂತದೆ. ಡಿಸೈನ್ ಬತ್ತದೆ, ಹಾಡು ಬತ್ತದೆ. ಹಳೇದರ ಅಂಗೆ ನಿದ್ದೆ ಮಾಡಲ್ಲ. ಇನ್ನೇನು?"

"ಖಾಜಾಬಮ್ಮ, ಕಂಟ್ರೋಲು, ಆಲ್ಟು, ಟಿ. ಮೂರೂ ಒಟ್ಟಿಗೆ ಒತ್ತಿ" ಎಂದ ಗಂಗಣ್ಣ.

ಒಳಗೆ ಗುಂಡಿ ಒತ್ತಿದ ಸದ್ದಾಯಿತು. ಆಮೇಲೆ, "ಯಾ ಅಲ್ಲಾ, ನವಿಲೆಲ್ಲಿ ಹೋಯ್ತು? ಎಲ್ಲಾ ಕಪ್ಪಗಾಗೋಯ್ತಲ್ಲ" ಎಂದಳು ಖಾಜಾಬಿ.

"ಅದೇ ಅದೇ. ಕರಿ ಸ್ಕ್ರೀನು. ಲೈನಕ್ಸು!" ಗಂಗಣ್ಣ ಜಿಗಿದ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಅವನು ಗೆದ್ದೇ ಇದ್ದ. ಸಾಕ್ಷಿ ಸಿಕ್ಕಿತ್ತು, ಚಂದ್ರ ಬರುವುದಿತ್ತು. ಆದರೆ ತಿಂಗಳಿಂದ ಹೊಟ್ಟೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಪಾಠ ಕೋಡಿ ಬಿದ್ದಿತು. "ಬೆಳ್ಳಗೆ ಒಂದು ಕಡ್ಡಿ ಮಿಣಮಿಣ ಅಂತೈತಲ್ಲ, ಅಲ್ಲಿ ಈಗ ಸುಡೋ ಅಂತ ಟೈಪ್ ಮಾಡಿ ಖಾಜಾಬಮ್ಮ."

"ಹಬ್ಬದ ದಿನ ಸುಡೋ ಮಾತೇನಪ್ಪ ನಿಂದು?"

"ಅಂಗಲ್ಲ, ಅದು ಕಂಪ್ಯೂಟರ್‌ಗೆ ಅಪ್ಪಣೆ ಕೊಡೋ ಯಜಮಾನಿಕೆ ಮಾತು. ಅದಾದ್ಮೇಲೆ ಒಂದು ಜಾಗ ಬಿಟ್ಟು..."

"ಗಂಗಣ್ಣ, ಇಲ್ಲಿ ಹತ್ತು ಜನ ಬೆನ್ನು ತೋರಿಸ್ಕೊಂಡು ನಿಂತವ್ರೆ."

"ಒಂದೇ ನಿಮಿಷ. ಜಾಗ ಬಿಟ್ಟು, ಸಣ್ಣ ಎ, ಆಮೇಲೆ..."

ಮೆಷಿನ್ನುಗಳೆಲ್ಲ ಒಮ್ಮೆಗೇ ನಿಂತವು. "ರಹೀಮ್," ಎಂದಳು ಖಾಜಾಬಿ, ತಣ್ಣಗೆ. "ಆ ನವೀನನ್ನ ಕರಿ. ಈ ಮೀಸೆಯಪ್ಪನ ಸಹವಾಸ ಬೇಡ. ಹಳೇದೇ ಹಾಕ್ಕೊಡ್ಲಿ."

ನವೀನ್‌ಕುಮಾರ ಕೈ ಮೇಲೆತ್ತಿದ್ದಕ್ಕೂ ಮಸೀದಿಯ ಮೈಕು ಕರಕರ ಎಂದದ್ದಕ್ಕೂ ಸರಿಹೋಯಿತು. ಚಂದ್ರ ಕಂಡಿದ್ದ. ಓಣಿಯಲ್ಲಿ ಪಟಾಕಿ ಹತ್ತಿತು. ಮಾತು ಮೊದಲೋ ಚಂದ್ರ ಮೊದಲೋ? ಮಾತೇ ಮೊದಲು ಎಂದು ನವೀನ್‌ಕುಮಾರ. ಮೈಕು ಹೇಳುವ ಮೊದಲೇ ಚಂದ್ರ ಆಕಾಶದಲ್ಲಿದ್ದ, ಅವನೇನು ಮೈಕಿನ ಅಪ್ಪಣೆಗೆ ಕಾಯುತ್ತಾನೆಯೇ ಎಂದು ಗಂಗಣ್ಣ. ಇಬ್ಬರೂ ರಹೀಮನ ಒಂದೊಂದು ತೋಳು ಹಿಡಿದು ಜಗ್ಗುತ್ತಿರುವಾಗ ಪರದೆಯೊಳಗಿಂದ, "ಅರೆ, ಬಂತು" ಎಂದು ಕೇಳಿಸಿತು.

"ಏನ್ ಬಂತು ಆಪಾ?"

"ನವಿಲು. ಮೇಲೆ ಮೂಲೇಲಿ ಕತ್ರಿ ಅಂಗೆ ಒಂದು ಗುರುತಿತ್ತು, ಒತ್ತಿದೆ, ಕಪ್ಪು ಹೋಯ್ತು. ನವೀನ ಬೇಡ ಬುಡು. ಯಾರೂ ಬೇಡ. ಏಳ್ಕೊಡೋಕೆ ಯಾರೂ ಬರ್ದೇ ಇದ್ರೆ ಚೆನ್ನಾಗೇ ಐತೆ ಇದು. ಹೋಗ್ರಪ್ಪ, ಹಬ್ಬ ಮಾಡ್ಕೊಳ್ಳಿ."

ರಹೀಮ್ ಬೆಂಚಿಗೆ ವಾಪಸು ಬಂದು ಕೂತು, ಖರ್ಜೂರದ ಬೀಜ ಉಗುಳಿ, ತೀರ್ಪು ಕೊಟ್ಟ. "ಪೆಟ್ಟಿಗೆ ಗೆದ್ದೈತೆ. ಜನ ಇಟ್ಕೊಳ್ಳಲ್ಲ ಅಂದ ನವೀನ ಸೋತ. ಆಪಾ ಬಾಯಲ್ಲಿ ಹಳೇದು ಅನ್ನೋ ಮಾತು ಬಂದಿದ್ದೂ ನಿಜ, ಬರ್ಸಿದ್ದು ಲೈನಕ್ಸಲ್ಲ, ಗಂಗಣ್ಣ. ಅದಕ್ಕೆ ಗಂಗಣ್ಣಾನೂ ಸೋತ. ಇಬ್ರೂ ನಡೀರಿ."

ಕಟಿಂಗ್ ಶಾಪಿನವನು ಹಬ್ಬದ ನೂಕುನುಗ್ಗಲಿನ ನಡುವೆಯೂ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಶಾಸ್ತ್ರ ಮುಗಿಸಿದ. ಅರ್ಧ ಉಳಿದದ್ದನ್ನು ಕನ್ನಡಿಯಲ್ಲಿ ನೋಡಿಕೊಂಡ ಮೇಲೆ, ಉಳಿದದ್ದನ್ನೂ ತೆಗೆದುಬಿಡು ಎಂದು ಇಬ್ಬರೂ ಒಂದೇ ಬಾಯಲ್ಲಿ ಅಂದರು. ಗಂಗಣ್ಣ ಮನೆಗೆ ಹೋದಾಗ ಮಹಾಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತು, "ಯಾರ್ ಬೇಕಾಗಿತ್ತು? ಅವ್ರು ಮನೇಲಿಲ್ಲ" ಎಂದಳು. ಆಮೇಲೆ ಅವನಿಗೆ ಮುದ್ದೆ ಬಡಿಸುವಾಗ ಮುಖವನ್ನೇ ನೋಡುತ್ತ, "ಮದುವೇಲಿ ನೋಡಿದ್ದೆ ಈ ತುಟೀನ" ಎಂದು ನಕ್ಕಳು.

ಹಬ್ಬ ಕಳೆದು ಅಂಗಡಿ ತೆಗೆದ ಮೇಲೆ ಮೊದಲು ಬಂದವಳು ಮಧುಗಿರಿಯ ಕದರಮ್ಮ. ಅಲ್ಲಿ ಅವಳದೂ ಹೊಲಿಗೆ ಅಂಗಡಿ. ಹಳೇ ಕಂಪ್ಯೂಟರನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದಿದ್ದಳು.

"ಮೀಸೆ ಗಂಗಣ್ಣ ಇಲ್ವಾ?" ಎಂದಳು, ಅವನ ಮುಖವನ್ನೇ ನೋಡುತ್ತ.

ಗಂಗಣ್ಣನ ಕೈ ಮೂಗಿನ ಕೆಳಗೆ ಹೋಗಿ, ಹಿಡಿಯಲು ಏನೂ ಸಿಕ್ಕದೆ ಕೆಳಗಿಳಿಯಿತು. "ಇಲ್ಲ ಕಣಮ್ಮ" ಎಂದ.

"ಒಳ್ಳೇದಾಯ್ತು ಬುಡಪ್ಪ. ಅವ್ರಿದ್ರೆ ಕೂರ್ಸಿ ಪಾಠ ಮಾಡ್ತಾರಂತೆ. ಖಾಜಾಬಿ ಅಂಗಡೀಲಿ ಹಾಕೈತಲ್ಲ, ಅಂಥದ್ದೇ ನಂಗೂ ಹಾಕ್ಕೊಡು. ಮಧ್ಯಾಹ್ನದ ಬಸ್ಸಿಗೆ ಹೋಗ್ಬೇಕು."

ಗಂಗಣ್ಣ ಹಾಕಿದ. ಹಾಕುವಾಗ ಒಂದು ಮಾತೂ ಆಡಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನೆಲ್ಲ ಬಿಸಿ ಮುದ್ದೆಯ ಹಾಗೆ ಅಗಿಯದೆ ನುಂಗಿದ. ಮೂರು ಗುಂಡಿಯ ಕಿತಾಪತಿಯನ್ನು ತೆಗೆದುಹಾಕಿದ. ಹಕ್ಕಿಯ ಚಿತ್ರ ಹಾಕಲು ಹೋಗಿ, ಬಿಟ್ಟು, ಒಂದು ಹೂವಿನದು ಹಾಕಿದ. ಕದರಮ್ಮ ಒತ್ತಿ ನೋಡಿದಳು. ಬಂತು. ಇನ್ನೊಂದು ಒತ್ತಿದಳು. ಅದೂ ಬಂತು. ತಲೆದೂಗಿ, ಪೆಟ್ಟಿಗೆಯನ್ನು ಸೀರೆಯ ಹಳೇ ತುಂಡಿನಲ್ಲಿ ಗಂಟು ಕಟ್ಟಿಕೊಂಡು, ಹೊಸ್ತಿಲು ದಾಟಿದವಳು ಏನೋ ನೆನಪಾದಂತೆ ತಿರುಗಿ ನಿಂತಳು.

"ಅಲ್ಲಪ್ಪ, ನಮ್ಮ ಕಡೆ ಯಾರಾದ್ರೂ ಕೇಳಿದ್ರೆ ಏಳ್ಬೇಕಲ್ಲ. ಇದಕ್ಕೆ ಏನಂತಾರೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಗಂಗಣ್ಣ ಸ್ಟೂಲಿನಿಂದ ಅರ್ಧ ಎದ್ದ. ಎದುರು ಅಂಗಡಿಯಲ್ಲಿ ಬೋಳು ಕೆನ್ನೆಯ ನವೀನ್‌ಕುಮಾರ ಕಣ್ಣು ಇತ್ತಲೇ ಇಟ್ಟು ಕಾಯುತ್ತಿದ್ದ. ಬಸ್ ನಿಲ್ದಾಣದ ಕಡೆಯಿಂದ ಕಂಡಕ್ಟರು, "ಮಧುಗಿರಿ, ಮಧುಗಿರಿ" ಎಂದು ಕೂಗುತ್ತಿದ್ದ.

"ಕಂಪ್ಯೂಟರ್ ಅಂತಾರೆ ಕಣಮ್ಮ" ಎಂದ ಗಂಗಣ್ಣ. "ಹೋಗು, ಬಸ್ಸು ಹೊರಡ್ತದೆ."